ಯುಕೆ ತೋಟದ ಕೆಲಸಕ್ಕೆ ಆರೂವರೆ ಲಕ್ಷ ಕೇಳ್ತಿದ್ದಾರೆ: ಸೀಸನಲ್ ಫಾರ್ಮ್ ವೀಸಾ ನಿಜವಾಗಿ ಹೇಗೆ ಸಿಗ್ತದೆ?

ಗದ್ದೆಬದಿ, ಬ್ರಹ್ಮಾವರ

ವಿದೇಶದಲ್ಲಿ ಐದಾರು ತಿಂಗಳ ತೋಟದ ಕೆಲಸ, ವೀಸಾ ಕಂಪನಿಯವರದ್ದೇ ಸ್ಪಾನ್ಸರ್, ಹೀಗೆಂದು ಮಂಗಳೂರಿನ ಒಂದು ಏಜೆನ್ಸಿಯವರು ಆಫರ್ ಕೊಟ್ಟಿದ್ದಾರೆ. ಹೆಸರು ಇಲ್ಲಿ ಹಾಕುವುದಿಲ್ಲ. ಅವರು ಕೊಟ್ಟ ಕಾಗದದಲ್ಲಿ ಇರುವುದು ಇಷ್ಟು: ಇಂಗ್ಲೆಂಡಿನ ಕೆಂಟ್‌ನ ಒಂದು ಫಾರ್ಮ್, ಸ್ಟ್ರಾಬೆರಿ ಮತ್ತು ಸೇಬು ಕೊಯ್ಲು, ತಿಂಗಳಿಗೆ £2,800 ಸಂಬಳ, ಊಟ ವಸತಿ ಫ್ರೀ, 5 ವರ್ಷದ ವೀಸಾ, ಒಂದು ವರ್ಷದ ನಂತರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಜೊತೆಗೆ ಸೀಲು, ಸಹಿ, ಯುಕೆ ಬಾವುಟ ಇರುವ 'ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್' ಎಂಬ ಒಂದು ಪಿಡಿಎಫ್‌ನ ಸ್ಯಾಂಪಲ್. ಒಟ್ಟು ₹6.5 ಲಕ್ಷ. ಈಗ ಫೈಲ್ ಚಾರ್ಜ್ ₹50,000, ಸರ್ಟಿಫಿಕೇಟ್ ಬಂದಾಗ ₹3 ಲಕ್ಷ, ವೀಸಾ ಆದ ಮೇಲೆ ಉಳಿದದ್ದು.

ನನ್ನ ಪ್ರಾಯ 27, ಪಿಯುಸಿ ಪಾಸ್, ಇಸಿಎನ್‌ಆರ್ (ವಲಸೆ ಅನುಮತಿ ಬೇಡದ) ಪಾಸ್‌ಪೋರ್ಟ್ ಉಂಟು. ಅಡಿಕೆ ಕೊಯ್ಲು, ಮದ್ದು ಬಿಡುವುದು, ಟಿಲ್ಲರ್, ಮಲ್ಲಿಗೆ ಕೃಷಿ ಎಲ್ಲ ಗೊತ್ತು. ಇಂಗ್ಲಿಷ್ ಅರ್ಥ ಆಗ್ತದೆ, ಮಾತಾಡುವುದು ಸುಮಾರು.

ಕೇಳಬೇಕಾದದ್ದು: ಈ ಆಫರ್ ಸರಿಯಾ? ಏಜೆಂಟ್ ಇಲ್ಲದೆ ಹೋಗ್ಲಿಕ್ಕೆ ಆಗ್ತದಾ? ಯುಕೆ ಬಿಟ್ಟು ಬೇರೆ ಯಾವ ದೇಶದ ಬಾಗಿಲು ನಮಗೆ ತೆರೆದಿದೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

---

ಪಡುವಣ ಗಾಳಿ

ಆ ಕಾಗದದ ಒಂದೊಂದು ಸಾಲನ್ನೂ ಯುಕೆಯ ನಿಯಮದ ಪಕ್ಕ ಇಟ್ಟು ನೋಡಿ. ಒಂದೂ ನಿಲ್ಲುವುದಿಲ್ಲ.

ಮೊದಲು ಸ್ಪಾನ್ಸರ್. ಯುಕೆ ಸೀಸನಲ್ ವರ್ಕರ್ ವೀಸಾದಲ್ಲಿ ಫಾರ್ಮಿನ ಯಜಮಾನ ಸ್ಪಾನ್ಸರ್ ಅಲ್ಲವೇ ಅಲ್ಲ. ಸರ್ಕಾರ ಒಪ್ಪಿದ ಬೆರಳೆಣಿಕೆಯ 'ಸ್ಕೀಮ್ ಆಪರೇಟರ್' ಸಂಸ್ಥೆಗಳು ಮಾತ್ರ ಸ್ಪಾನ್ಸರ್. ಕನ್‌ಕಾರ್ಡಿಯಾ, ಪ್ರೊ-ಫೋರ್ಸ್, ಫ್ರೂಟ್‌ಫುಲ್ ಜಾಬ್ಸ್, ಆಗ್ರಿ-ಎಚ್‌ಆರ್ ಈ ಪಟ್ಟಿಯಲ್ಲಿ ಇದ್ದವು. ಅವರು ಜನರನ್ನು ಆರಿಸಿ, ವೀಸಾಕ್ಕೆ ಸ್ಪಾನ್ಸರ್ ಮಾಡಿ, ಫಾರ್ಮ್‌ಗಳಿಗೆ ಹಂಚುತ್ತಾರೆ. ಕೆಂಟ್‌ನ ಫಾರ್ಮ್ ನೇರವಾಗಿ ನಿಮಗೆ ಸ್ಪಾನ್ಸರ್ ಮಾಡುತ್ತದೆ ಎಂದರೆ ಅಲ್ಲಿಗೇ ಕತೆ ಮುಗಿಯಿತು.

ಎರಡನೆಯದು ಆ ಪಿಡಿಎಫ್. ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಎಂದು ಹೆಸರು ಮಾತ್ರ, ಅದು ಕಾಗದದ ಸರ್ಟಿಫಿಕೇಟ್ ಅಲ್ಲ. ಯುಕೆಯ ಗೃಹ ಇಲಾಖೆ, ಅಂದರೆ ಹೋಮ್ ಆಫೀಸಿನ ಕಂಪ್ಯೂಟರ್‌ನಲ್ಲಿ ಸ್ಪಾನ್ಸರ್ ತೆರೆಯುವ ಒಂದು ದಾಖಲೆ. ನಿಮ್ಮ ಕೈಗೆ ಬರುವುದು ಅದರ ರೆಫರೆನ್ಸ್ ನಂಬರ್. ಆ ನಂಬರ್ ಹಾಕಿ ವೀಸಾ ಅರ್ಜಿ ತುಂಬುವುದು. ಸೀಲು, ಬಾವುಟ, ಹೊಲೋಗ್ರಾಮ್ ಎಲ್ಲ ಪ್ರಿಂಟಿಂಗ್ ಅಂಗಡಿಯ ಕೈಚಳಕ. ನಂಬರ್ ಬಂದ ಮೇಲೆ 3 ತಿಂಗಳೊಳಗೆ ಅರ್ಜಿ ಹಾಕಬೇಕು, ತಪ್ಪಿದರೆ ಅದು ಸತ್ತಂತೆ.

ಮೂರನೆಯದು 5 ವರ್ಷ. ತೋಟಗಾರಿಕೆಗೆ ಹೆಚ್ಚೆಂದರೆ 6 ತಿಂಗಳು. ಕೋಳಿ ಸಾಕಣೆ ಮತ್ತು ಕೋಳಿಮಾಂಸದ ಕೆಲಸಕ್ಕಾದರೆ ಕ್ರಿಸ್‌ಮಸ್ ಗಡಿಬಿಡಿಯ ಅವಧಿ ಮಾತ್ರ, ಅಕ್ಟೋಬರ್ 2ರಿಂದ ಡಿಸೆಂಬರ್ 31. ಅಲ್ಲಿದ್ದುಕೊಂಡೇ ವೀಸಾ ಮುಂದುವರಿಸಲಿಕ್ಕಾಗಲಿ, ಬೇರೆ ವೀಸಾಕ್ಕೆ ಬದಲಿಸಲಿಕ್ಕಾಗಲಿ ಇಲ್ಲ. ಕುಟುಂಬವನ್ನು ಕರೆಸುವ ಅವಕಾಶ ಈ ವೀಸಾದಲ್ಲಿ ಯಾವತ್ತೂ ಇರಲಿಲ್ಲ. 'ಇದು ಸ್ಕಿಲ್ಡ್ ವರ್ಕರ್ ವೀಸಾ, ಹಾಗಾಗಿ 5 ವರ್ಷ' ಎಂದು ಏಜೆಂಟ್ ಜಾರಿಕೊಳ್ಳಬಹುದು. 2025ರ ಜುಲೈ 22ರಿಂದ ಹೊಸಬರಿಗೆ ಆ ವೀಸಾ ಬೇಕಾದರೆ ಕೆಲಸವೇ ಪದವಿ ಮಟ್ಟದ್ದಾಗಿರಬೇಕು, ಇಲ್ಲವೇ ಸರ್ಕಾರದ ಸಣ್ಣ ವಿನಾಯಿತಿ ಪಟ್ಟಿಯಲ್ಲಿರಬೇಕು. ಹಣ್ಣು ಕೊಯ್ಯುವುದು ಎರಡರಲ್ಲೂ ಬರುವುದಿಲ್ಲ.

ನಾಲ್ಕನೆಯದು, ತಿಂಗಳ ಸಂಬಳ. ಅಲ್ಲಿ ಎಲ್ಲ ಗಂಟೆ ಲೆಕ್ಕ, ಅಥವಾ ಕೊಯ್ದ ಟ್ರೇ ಲೆಕ್ಕ. ಟ್ರೇ ಲೆಕ್ಕದಲ್ಲಿ ಕನಿಷ್ಠ ವೇತನಕ್ಕಿಂತ ಕಡಿಮೆ ಬಂದರೆ ಮಾಲೀಕ ಅಷ್ಟು ತುಂಬಿಕೊಡಬೇಕು. ವಸತಿಗೆ ದುಡ್ಡು ಹಿಡಿಯುತ್ತಾರೆ, ಊಟ ನಾವೇ ಮಾಡಿಕೊಳ್ಳುವುದು.

ಇನ್ನು ಕಹಿ ಮಾತು. ಈ ವೀಸಾಕ್ಕೆ ದೇಶದ ನಿರ್ಬಂಧ ಇಲ್ಲ, ಭಾರತದವರಿಗೂ ಕಾನೂನಿನಲ್ಲಿ ಅವಕಾಶ ಉಂಟು. ಆದರೆ ಯಾವ ದೇಶದಲ್ಲಿ ಜನ ಹುಡುಕಬೇಕೆಂದು ತೀರ್ಮಾನಿಸುವುದು ಆಪರೇಟರ್. ಅವರು ಬಹುಪಾಲು ಕಿರ್ಗಿಸ್ತಾನ, ತಾಜಿಕಿಸ್ತಾನ, ಉಜ್ಬೇಕಿಸ್ತಾನ, ಕಜಕಸ್ತಾನಕ್ಕೆ ಹೋಗುತ್ತಾರೆ. 2025ಕ್ಕೆ ತೋಟಗಾರಿಕೆಗೆ 43,000, ಕೋಳಿ ಉದ್ಯಮಕ್ಕೆ 2,000 ವೀಸಾ ಇಟ್ಟಿದ್ದರು. ಅದರಲ್ಲಿ ಹೋದ ವರ್ಷ ಕೆಲಸ ಮಾಡಿ ಒಳ್ಳೆಯ ಹೆಸರು ತೆಗೆದುಕೊಂಡು ಮರಳಿದವರಿಗೆ ಮೊದಲ ಕರೆ. ಹಾಗಾಗಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಕೂತು 'ನಮ್ಮಲ್ಲಿ 200 ಯುಕೆ ಫಾರ್ಮ್ ವೀಸಾ ಉಂಟು' ಎನ್ನುವವರ ಮಾತು ಕೇಳುವಾಗ ಕಿವಿ ನೆಟ್ಟಗಿರಲಿ.

ಏಜೆಂಟ್ ಇಲ್ಲದೆ ಪ್ರಯತ್ನಿಸುವುದಾದರೆ ಯುಕೆ ಸರ್ಕಾರದ ಗವ್.ಯುಕೆ ತಾಣದಲ್ಲಿ ಸೀಸನಲ್ ವರ್ಕರ್ ವೀಸಾದ ಪುಟ ತೆರೆದು ಆ ವರ್ಷದ ಆಪರೇಟರ್‌ಗಳ ಪಟ್ಟಿ ನೋಡಿ, ಅವರವರ ಸೈಟ್‌ನಲ್ಲೇ ಅರ್ಜಿ ಹಾಕಿ. ಭಾರತದಿಂದ ತೆಗೆದುಕೊಳ್ಳುತ್ತಾರಾ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಅದಕ್ಕೆ ಒಂದು ಪೈಸೆ ಇಲ್ಲ. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಶುಲ್ಕ ಪಡೆಯುವುದು ಯುಕೆ ಕಾನೂನಿನಲ್ಲಿ ಅಪರಾಧ.

---

ಲೆಕ್ಕದ ಪುಸ್ತಕ

ಮೇಲಿನವರು ಕಾನೂನು ಹೇಳಿದ್ದಾರೆ, ನಾನು ದುಡ್ಡಿನ ಲೆಕ್ಕ ಹಾಕ್ತೇನೆ. ವೀಸಾ ಅಸಲಿ ಎಂದೇ ಇಟ್ಟುಕೊಳ್ಳಿ.

2025ರ ಏಪ್ರಿಲ್‌ನ ಕನಿಷ್ಠ ವೇತನದ ದರ ಗಂಟೆಗೆ £12.21. ಈ ಸ್ಕೀಮ್‌ನಲ್ಲಿ ವಾರಕ್ಕೆ ಸರಾಸರಿ 32 ಗಂಟೆಯ ಸಂಬಳ ಖಾತ್ರಿ. ಅಂದರೆ ವಾರಕ್ಕೆ £390.72. ವಸತಿಗೆ ಆಗ ದಿನಕ್ಕೆ ಹೆಚ್ಚೆಂದರೆ £10.66 ಹಿಡಿಯಬಹುದಿತ್ತು, 7 ದಿನಕ್ಕೆ £74.62. ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಸರ್ಕಾರ ಹಿಡಿಯುವ ಸಾಮಾಜಿಕ ವಿಮೆ) ವಾರದ £242ರ ಮೇಲಿನ ಮೊತ್ತಕ್ಕೆ ಶೇ 8, ಸುಮಾರು £12. ಅಕ್ಕಿ, ಮೊಟ್ಟೆ, ಬೇಳೆ, ತರಕಾರಿ ತಂದು ಸ್ವಂತ ಅಡುಗೆ ಮಾಡಿದರೂ ವಾರಕ್ಕೆ £45 ಹಿಡಿಯಿರಿ. ಉಳಿಯುವುದು £259 ಆಸುಪಾಸು.

26 ವಾರಕ್ಕೆ £6,739. ಪೌಂಡಿಗೆ ₹115 ಹಿಡಿದರೆ ₹7.75 ಲಕ್ಷ. ಅದರಲ್ಲಿ ವೀಸಾ ಶುಲ್ಕ 2025ರ ದರದಲ್ಲಿ £319, ಅಂದರೆ ₹36,700. ಹೋಗಿ ಬರುವ ಟಿಕೆಟ್ ₹80,000 ಎಂದಿಟ್ಟುಕೊಳ್ಳಿ. ಕೈಯಲ್ಲಿ ₹6.58 ಲಕ್ಷ. ಆದಾಯ ತೆರಿಗೆ ಕಡಿತವಾದರೆ ಅದೂ ಇದರಿಂದಲೇ.

ಈಗ ಏಜೆಂಟರ ₹6.5 ಲಕ್ಷ ಕಳೆಯಿರಿ. ಉಳಿದದ್ದು ₹8,000. ಆ ಆರೂವರೆ ಲಕ್ಷ ವರ್ಷಕ್ಕೆ ಶೇ 18ರ ಸಾಲವಾದರೆ ಆರು ತಿಂಗಳ ಬಡ್ಡಿಯೇ ₹58,500. ಆರು ತಿಂಗಳು ಬೆನ್ನು ಬಗ್ಗಿಸಿ ದುಡಿದು ₹50,000 ಕೈಯಿಂದ ಹಾಕಿ ಬಂದ ಹಾಗೆ. ಅಡಿಕೆ ತೋಟದಲ್ಲಿ ಮರ ಹತ್ತಿದರೆ ಇದಕ್ಕಿಂತ ಲಾಭ.

ಜೂನ್, ಜುಲೈಯ ಸುಗ್ಗಿಯಲ್ಲಿ ವಾರಕ್ಕೆ 45 ಗಂಟೆ ಸಿಕ್ಕಿದರೆ ಎಲ್ಲ ಕಳೆದು ವಾರಕ್ಕೆ £400 ಉಳಿದೀತು. ಆದರೆ 26 ವಾರವೂ ಹಾಗೆ ಸಿಗುವುದಿಲ್ಲ. ಶುರುವಿನ ಎರಡು ವಾರ ಹಣ್ಣು ಇರುವುದಿಲ್ಲ, ಮಳೆ ಚಳಿಯಲ್ಲಿ ಹಣ್ಣು ತಡವಾಗುತ್ತದೆ, ಕೊನೆಯ ತಿಂಗಳು ಕೆಲಸ ಇಳಿಯುತ್ತದೆ. 26 ವಾರ ಪೂರ್ತಿ ಉಳಿಸಿಕೊಳ್ಳುತ್ತಾರೆ ಎಂಬುದಕ್ಕೂ ಗ್ಯಾರಂಟಿ ಇಲ್ಲ.

ಇನ್ನೊಂದು ಕಡೆ ಜನ ಎಡವುವುದುಂಟು. ಅಲ್ಲಿನ ಖರ್ಚಿಗೆ ದುಡ್ಡು ಉಂಟು ಎಂದು ವೀಸಾಕ್ಕೆ ತೋರಿಸಲು ಬ್ಯಾಂಕಿನಲ್ಲಿ £1,270 ಸತತ 28 ದಿನ ಇರಬೇಕು, ಆ 28ನೇ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನದೊಳಗೆ ಬರಬೇಕು. ಎ-ರೇಟಿಂಗ್ (ಹೋಮ್ ಆಫೀಸಿನ ಪೂರ್ಣ ಮಾನ್ಯತೆ) ಇರುವ ಸ್ಪಾನ್ಸರ್ 'ಮೊದಲ ತಿಂಗಳ ಖರ್ಚು ನಮ್ಮದು' ಎಂದು ಸ್ಪಾನ್ಸರ್‌ಶಿಪ್ ದಾಖಲೆಯಲ್ಲೇ ಬರೆದಿದ್ದರೆ ಇದು ಬೇಡ. ಕೈಸಾಲ ತಂದು ಹಾಕಿ, 20ನೇ ದಿನ ಒಂದು ಸಲ ಎಟಿಎಂನಿಂದ ಎಳೆದು ಬ್ಯಾಲೆನ್ಸ್ £1,270ಕ್ಕಿಂತ ಕೆಳಗೆ ಇಳಿದರೆ ಲೆಕ್ಕ ಮತ್ತೆ ಒಂದನೇ ದಿನದಿಂದ. ರೂಪಾಯಿಯಲ್ಲಿ ಇಡುವುದರಿಂದ ವಿನಿಮಯ ದರ ಏರಿಳಿಯುತ್ತದೆ, ₹10,000-15,000 ಹೆಚ್ಚೇ ಇರಲಿ.

---

ಗದ್ದೆಬದಿ, ಬ್ರಹ್ಮಾವರ

ಲೆಕ್ಕ ನೋಡಿ ತಲೆ ಗಿರ್ರೆಂದಿತು. ಹಾಗಾದರೆ ಇಟಲಿ, ಕೆನಡಾ, ಅಮೆರಿಕ? ಅದೇ ಏಜೆನ್ಸಿಯವರು 'ಯುಕೆ ಬೇಡವಾದರೆ ಕೆನಡಾದ ಸೀಸನಲ್ ಅಗ್ರಿಕಲ್ಚರಲ್ ಪ್ರೋಗ್ರಾಮ್‌ಗೆ ಹಾಕುವ' ಎನ್ನುತ್ತಿದ್ದಾರೆ.

---

ಕಾಗದಪತ್ರ

ಕೆನಡಾದ ಆ ಸೀಸನಲ್ ಅಗ್ರಿಕಲ್ಚರಲ್ ವರ್ಕರ್ ಪ್ರೋಗ್ರಾಮ್ ಮೆಕ್ಸಿಕೋ ಮತ್ತು ಕೆರಿಬಿಯನ್ ದೇಶಗಳಿಗೆ ಮಾತ್ರ. ಸರ್ಕಾರದಿಂದ ಸರ್ಕಾರಕ್ಕೆ ಒಪ್ಪಂದ ಇರುವ ಸ್ಕೀಮ್ ಅದು. ಭಾರತದ ಪಾಸ್‌ಪೋರ್ಟ್‌ಗೆ ಅಲ್ಲಿ ಜಾಗ ಇಲ್ಲ. ಆಸ್ಟ್ರೇಲಿಯಾದ ಪಾಮ್ ಸ್ಕೀಮ್ ಕೂಡ ಹೀಗೇ, ಪೆಸಿಫಿಕ್ ದ್ವೀಪಗಳು ಮತ್ತು ಟಿಮೋರ್-ಲೆಸ್ತೆಯವರಿಗೆ ಮಾತ್ರ. ಇವೆರಡರ ಹೆಸರು ಹೇಳಿ ದುಡ್ಡು ಕೇಳಿದರೆ ಮಾತು ಮುಂದುವರಿಸುವ ಅಗತ್ಯವೇ ಇಲ್ಲ.

ಕೆನಡಾದಲ್ಲಿ ನಮಗಿರುವ ದಾರಿ ಬೇರೆ, ಅದರ ಹೆಸರು ಅಗ್ರಿಕಲ್ಚರಲ್ ಸ್ಟ್ರೀಮ್. ಮೊದಲು ಮಾಲೀಕ ಅಲ್ಲಿನ ಸರ್ಕಾರದಿಂದ ಎಲ್‌ಎಂಐಎ ಪಡೆಯಬೇಕು, ಅಂದರೆ ಊರಲ್ಲಿ ಜನ ಸಿಗಲಿಲ್ಲ, ಹೊರಗಿನವರನ್ನು ತರಬಹುದು ಎಂಬ ಒಪ್ಪಿಗೆ. ಹೆಚ್ಚೆಂದರೆ 24 ತಿಂಗಳು. ಹೋಗಿ ಬರುವ ಪ್ರಯಾಣದ ಖರ್ಚು ಮಾಲೀಕನದ್ದು, ವಸತಿ ಅವನೇ ಕೊಡಬೇಕು, ಅದಕ್ಕೆ ವಾರಕ್ಕೆ 30 ಕೆನಡಿಯನ್ ಡಾಲರ್‌ಗಿಂತ ಹೆಚ್ಚು ಹಿಡಿಯುವಂತಿಲ್ಲ. ಸರ್ಕಾರಿ ಆರೋಗ್ಯ ವಿಮೆ ಶುರುವಾಗುವ ತನಕ ಖಾಸಗಿ ವಿಮೆಯೂ ಅವನದೇ. ನಿಮ್ಮ ಖರ್ಚು ವರ್ಕ್ ಪರ್ಮಿಟ್‌ಗೆ 155 ಡಾಲರ್, ಬಯೋಮೆಟ್ರಿಕ್‌ಗೆ 85 ಡಾಲರ್, ಮೆಡಿಕಲ್. ಮೆಡಿಕಲ್ ಅವರು ಒಪ್ಪಿದ ಪ್ಯಾನೆಲ್ ಡಾಕ್ಟರ್ ಹತ್ತಿರವೇ ಆಗಬೇಕು, ಊರಿನ ಡಾಕ್ಟರ ಚೀಟಿ ನಡೆಯುವುದಿಲ್ಲ.

ಇಲ್ಲಿ ಮೋಸ ನಡೆಯುವುದು 'ಎಲ್‌ಎಂಐಎ ಮಾರಾಟ'ದಲ್ಲಿ. 'ಎಲ್‌ಎಂಐಎಗೆ 20 ಲಕ್ಷ' ಎನ್ನುತ್ತಾರೆ. ಅದನ್ನು ಕೆಲಸಗಾರನಿಗೆ ಮಾರುವುದು ಕಾನೂನುಬಾಹಿರ. ತೋಟದ ಕೆಲಸಕ್ಕಂತೂ ಮಾಲೀಕನಿಗೂ ಸರ್ಕಾರಿ ಶುಲ್ಕ ಇಲ್ಲ, ಬೇರೆ ಉದ್ಯಮಗಳಿಗೆ ಇರುವ 1,000 ಡಾಲರ್ ಇಲ್ಲಿ ಮಾಫಿ. ಸಲಹೆಗಾರ ಶುಲ್ಕ ಪಡೆಯಬೇಕಾದರೆ ಕೆನಡಾದ ವಕೀಲನೋ ಅಲ್ಲಿನ ಇಮಿಗ್ರೇಶನ್ ಕಾಲೇಜಿನಲ್ಲಿ ನೋಂದಾಯಿತನೋ ಆಗಿರಬೇಕು. ಆ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಹೆಸರು ಹುಡುಕಿ.

ಅಸಲಿ ಎಲ್‌ಎಂಐಎ ಇದ್ದರೂ ವೀಸಾ ತಿರಸ್ಕಾರ ಆಗುವುದುಂಟು. ಸಾಮಾನ್ಯವಾಗಿ ಎರಡು ಕಾರಣ: ಈ ಕೆಲಸ ನಿನಗೆ ಬರುತ್ತದೆಂದು ನಂಬಿಕೆ ಬರಲಿಲ್ಲ, ಅವಧಿ ಮುಗಿದ ಮೇಲೆ ಮರಳುತ್ತೀಯೆಂದು ನಂಬಿಕೆ ಬರಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಮೂರು ವರ್ಷ ಇದ್ದವನು ಅಣಬೆ ಫಾರ್ಮಿಗೆ ಅರ್ಜಿ ಹಾಕಿದರೆ ಮೊದಲನೆಯದು ಗ್ಯಾರಂಟಿ.

ಅಮೆರಿಕದ ವೀಸಾ ಎಚ್-2ಎ. ಮೊದಲು ಇದಕ್ಕೆ ಅರ್ಹ ದೇಶಗಳ ಪಟ್ಟಿ ಇತ್ತು, ಅದರಲ್ಲಿ ಭಾರತ ಇರಲಿಲ್ಲ. 2025ರ ಜನವರಿ 17ರಿಂದ ಆ ಪಟ್ಟಿಯನ್ನೇ ತೆಗೆದುಹಾಕಿದ್ದಾರೆ. ಕಾನೂನಿನ ಬಾಗಿಲು ತೆರೆದದ್ದು ಹೌದು, ಆದರೆ ಹೊರಗೆ ಕ್ಯೂ ಉದ್ದ ಉಂಟು. ಹೋಗುವವರಲ್ಲಿ ಹೆಚ್ಚಿನವರು ಮೆಕ್ಸಿಕೋದವರು. ಎರಡನೇ ಸ್ಥಾನ ದಕ್ಷಿಣ ಆಫ್ರಿಕಾದವರದ್ದು. ದೊಡ್ಡ ಟ್ರ್ಯಾಕ್ಟರ್, ಕಂಬೈನ್ ಹಾರ್ವೆಸ್ಟರ್ ಓಡಿಸುವ ಕೆಲಸದಲ್ಲಿ ಅವರಿಗೆ ಬೇಡಿಕೆ. ಬರೀ ಹಣ್ಣು ಕೊಯ್ಯಲಿಕ್ಕೆ ಮಾಲೀಕ ಬೆಂಗಳೂರಿನಿಂದ ವಿಮಾನದಲ್ಲಿ ಜನ ಕರೆಸುವುದು ಅಪರೂಪ, ಯಾಕೆಂದರೆ ಪ್ರಯಾಣದ ಖರ್ಚು ಅವನದೇ: ಒಪ್ಪಂದದ ಅರ್ಧ ಮುಗಿಸಿದಾಗ ಬಂದ ಖರ್ಚು, ಪೂರ್ತಿ ಮುಗಿಸಿದಾಗ ಹೋಗುವ ಖರ್ಚು. ಮನೆ ಪುಕ್ಕಟೆ, ಸಲಕರಣೆ ಪುಕ್ಕಟೆ, ಒಪ್ಪಂದದಲ್ಲಿ ಹೇಳಿದ ಗಂಟೆಗಳ ಮುಕ್ಕಾಲು ಭಾಗಕ್ಕೆ ಕೆಲಸ ಇಲ್ಲದಿದ್ದರೂ ಸಂಬಳ. ದೊಡ್ಡ ಯಂತ್ರ ಓಡಿಸಿದ ಅನುಭವ ಇದ್ದವರು ಮಾತ್ರ ಇದಕ್ಕೆ ಸಮಯ ಕೊಡಿ ಎಂಬುದು ನನ್ನ ಅಭಿಪ್ರಾಯ.

ಹುಡುಕುವುದು ಹೀಗೆ: ಅಮೆರಿಕದ ಕಾರ್ಮಿಕ ಇಲಾಖೆಯ 'ಸೀಸನಲ್ ಜಾಬ್ಸ್' ತಾಣದಲ್ಲಿ ಪ್ರತಿಯೊಂದು ಎಚ್-2ಎ ಕೆಲಸವೂ ಇರುತ್ತದೆ. ಕೇಸ್ ನಂಬರ್, ಊರು, ಬೆಳೆ, ಗಂಟೆಗೆ ಎಷ್ಟು, ಎಷ್ಟು ಜನ ಬೇಕು, ಯಾವ ದಿನಾಂಕದಿಂದ, ಎಲ್ಲ. ಕೆಲಸ ಶುರುವಾಗುವ 60ರಿಂದ 75 ದಿನ ಮೊದಲು ಮಾಲೀಕ ರಾಜ್ಯದ ಉದ್ಯೋಗ ಕಚೇರಿಗೆ ಜಾಬ್ ಆರ್ಡರ್ ಸಲ್ಲಿಸಬೇಕು. ಹಾಗಾಗಿ ಏಪ್ರಿಲ್ ಕೆಲಸ ಬೇಕಾದವರು ಜನವರಿ ಕೊನೆಯಿಂದ ನೋಡಿ. ಏಜೆಂಟ್ ಒಂದು ಕೇಸ್ ನಂಬರ್ ಕೊಟ್ಟರೆ ಅಲ್ಲೇ ಹಾಕಿ ನೋಡಿ. ನಂಬರ್ ಅಸಲಿ ಇದ್ದು, ಅದರಲ್ಲಿ 12 ಜನ ಎಂದಿದ್ದು, ಏಜೆಂಟ್ 80 ಜನರ ದುಡ್ಡು ತೆಗೆದುಕೊಂಡಿದ್ದರೆ ಏನಾಗುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಟಲಿ ಬಗ್ಗೆ ಗೊತ್ತಿರುವವರು ಹೇಳಲಿ.

---

ಕಡಲಕರೆ

ಇಟಲಿ: ಭಾರತದವರಿಗೆ ನಿಜವಾಗಿ ತೆರೆದಿರುವ ಸೀಸನಲ್ ಬಾಗಿಲುಗಳಲ್ಲಿ ಇದು ದೊಡ್ಡದು, ಕೆಸರು ಹೆಚ್ಚಿರುವುದೂ ಇಲ್ಲೇ. ಸ್ಕೀಮ್‌ನ ಹೆಸರು 'ಡೆಕ್ರೆತೊ ಫ್ಲುಸ್ಸಿ'. ಸರ್ಕಾರ ಪ್ರತಿ ವರ್ಷ ಕೋಟಾ ಹೇಳುತ್ತದೆ, 2025ಕ್ಕೆ ಸೀಸನಲ್ ಕೆಲಸಕ್ಕೇ 1,10,000. ಭಾರತ ಪಟ್ಟಿಯಲ್ಲಿ ಉಂಟು.

ಅರ್ಜಿ ಹಾಕುವುದು ನೀವಲ್ಲ, ಇಟಲಿಯ ಮಾಲೀಕ. ಮೊದಲೇ ಆನ್‌ಲೈನ್‌ನಲ್ಲಿ ತುಂಬಿಸಿಟ್ಟು 'ಕ್ಲಿಕ್ ಡೇ' ಬೆಳಿಗ್ಗೆ ಒತ್ತಬೇಕು, ಮೊದಲು ಬಂದವರಿಗೆ ಮೊದಲು. 2025ರಲ್ಲಿ ಕೃಷಿ ಸೀಸನಲ್‌ಗೆ ಅದು ಫೆಬ್ರವರಿ 12. ಕೋಟಾದೊಳಗೆ ಬಂದರೆ 'ನುಲ್ಲಾ ಓಸ್ತಾ' ಎಂಬ ಒಪ್ಪಿಗೆ ಸಿಗುತ್ತದೆ. ಅದರ ಮೇಲೆ ನೀವು ವೀಸಾಕ್ಕೆ ಹೋಗುವುದು. ಹೆಚ್ಚೆಂದರೆ 9 ತಿಂಗಳು.

ಎಡವಟ್ಟು ಆಗುವುದು ವಿಮಾನ ಇಳಿದ ಮೇಲೆ. ಇಟಲಿ ಮುಟ್ಟಿದ ಕೆಲವೇ ದಿನದೊಳಗೆ ವಾಸದ ಒಪ್ಪಂದಕ್ಕೆ ಮಾಲೀಕ, ನೀವು ಇಬ್ಬರೂ ಸಹಿ ಹಾಕಬೇಕು, ನಂತರ ಪರ್ಮಿಟ್‌ಗೆ ಅರ್ಜಿ. ದುಡ್ಡು ತೆಗೆದುಕೊಂಡು ನುಲ್ಲಾ ಓಸ್ತಾ ಮಾಡಿಸಿಕೊಟ್ಟ 'ಮಾಲೀಕ' ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ. ವೀಸಾ ಅಸಲಿ, ಕಂಪನಿಯ ನೋಂದಣಿಯೂ ಅಸಲಿ, ಆದರೆ ಕೆಲಸವೇ ಇಲ್ಲ. ಪರ್ಮಿಟ್ ಇಲ್ಲದೆ ಉಳಿದವರು ಕೊನೆಗೆ 'ಕಪೊರಾಲೆ' ಎಂಬ ಮೇಸ್ತ್ರಿಗಳ ಕೈಗೆ ಬೀಳುತ್ತಾರೆ. ದಿನಗೂಲಿ ಅವರು ಹೇಳಿದಷ್ಟು, ವ್ಯಾನಿನ ಬಾಡಿಗೆ ಅವರಿಗೆ, ನೀರಿನ ಬಾಟಲಿಯ ದುಡ್ಡೂ ಅವರಿಗೆ. 2024ರ ಜೂನ್‌ನಲ್ಲಿ ರೋಮ್ ದಕ್ಷಿಣದ ಲಾಟಿನಾದಲ್ಲಿ ಯಂತ್ರಕ್ಕೆ ಸಿಕ್ಕಿ ಕೈ ತುಂಡಾದ ಪಂಜಾಬಿ ಕೆಲಸಗಾರನನ್ನು ಆಸ್ಪತ್ರೆಗೆ ಒಯ್ಯದೆ ಮನೆ ಮುಂದೆ ಬಿಟ್ಟು ಹೋದದ್ದು, ಆತ ತೀರಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. ಆತ ಕಾಗದಪತ್ರ ಇಲ್ಲದೆ ದುಡಿಯುತ್ತಿದ್ದವನು.

ಇಟಲಿಗೆ ಹೋಗುವುದಾದರೆ ಆ ಫಾರ್ಮಿನಲ್ಲಿ ಈಗ ಕೆಲಸ ಮಾಡುತ್ತಿರುವ ಒಬ್ಬ ಭಾರತೀಯನ ಜೊತೆ ವಿಡಿಯೋ ಕಾಲ್ ಕೇಳಿ, ಕೆಲಸದ ಹೊತ್ತಿನಲ್ಲಿ, ಹೊಲದಿಂದಲೇ. ಅಷ್ಟು ಮಾಡಿಸಲಿಕ್ಕೆ ಏಜೆಂಟ್‌ಗೆ ಆಗದಿದ್ದರೆ ಅವನಿಗೆ ಆ ಫಾರ್ಮ್ ಗೊತ್ತಿಲ್ಲ ಎಂದೇ ಅರ್ಥ.

---

ಪಡುವಣ ಗಾಳಿ

ಇನ್ನೆರಡು ದಾರಿ ಉಂಟು, ಚಿಕ್ಕದಾಗಿ ಹೇಳಿಬಿಡ್ತೇನೆ.

ಆಸ್ಟ್ರೇಲಿಯಾದ ವರ್ಕ್ ಆಂಡ್ ಹಾಲಿಡೇ ವೀಸಾ, ಸಬ್‌ಕ್ಲಾಸ್ 462. ಇದಕ್ಕೆ ಸ್ಪಾನ್ಸರ್ ಬೇಡ. ಭಾರತಕ್ಕೆ ವರ್ಷಕ್ಕೆ 1,000, ಲಾಟರಿ ಎತ್ತಿ ಆರಿಸುತ್ತಾರೆ, ಮೊದಲ ಲಾಟರಿ 2024ರ ಅಕ್ಟೋಬರ್‌ನಲ್ಲಿ ತೆರೆಯಿತು. ನೋಂದಣಿಗೆ 25 ಆಸ್ಟ್ರೇಲಿಯನ್ ಡಾಲರ್. 18ರಿಂದ 30 ವರ್ಷ, ಪಾಸ್‌ಪೋರ್ಟ್ ಜೊತೆಗೆ ಪ್ಯಾನ್ ಕಾರ್ಡ್, ಆರಿಸಿದರೆ ಆಮೇಲೆ 5,000 ಡಾಲರ್ ಉಳಿತಾಯ, ಐಇಎಲ್‌ಟಿಎಸ್ 4.5 ಮಟ್ಟದ ಇಂಗ್ಲಿಷ್. ಕಾಲೇಜಿನಲ್ಲಿ ಕನಿಷ್ಠ ಎರಡು ವರ್ಷ ಪದವಿ ಓದಿರಬೇಕು, ಆದ್ದರಿಂದ ಪ್ರಶ್ನೆ ಕೇಳಿದವರಿಗೆ ಪಿಯುಸಿ ಸಾಲದು. ಬಿಕಾಂ ಎರಡನೇ ವರ್ಷ ಮುಗಿಸಿದವರು ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ಹೇಳಿ.

ಜಪಾನಿನ 'ತೊಕುತೇ ಗಿನೋ' ಎಂಬ ಕುಶಲ ಕೆಲಸಗಾರರ ವೀಸಾ ಸೀಸನಲ್ ಅಲ್ಲ, ಒಟ್ಟು 5 ವರ್ಷದ ತನಕ. ಕೃಷಿಯೂ ಅದರಲ್ಲಿ ಬರುತ್ತದೆ. ಜಪಾನಿ ಭಾಷೆಯಲ್ಲಿ ಎನ್4 ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಪರೀಕ್ಷೆ, ಅದರ ಮೇಲೆ ಕೃಷಿ ಕೌಶಲ ಪರೀಕ್ಷೆ ಪಾಸಾಗಬೇಕು. 2021ರ ಜನವರಿಯಲ್ಲಿ ಭಾರತ ಇದರ ಒಪ್ಪಂದಕ್ಕೆ ಸಹಿ ಹಾಕಿದೆ. ಭಾಷೆಗೆ ತಿಂಗಳುಗಟ್ಟಲೆ ಕೂರಬೇಕು ಎಂದು ಜನ ಹಿಂಜರಿಯುತ್ತಾರೆ. ಆದರೆ ಆರೂವರೆ ಲಕ್ಷ ಸಾಲಕ್ಕಿಂತ ಆರೇಳು ತಿಂಗಳ ಪಾಠ ಅಗ್ಗ. ಪಿಯುಸಿ ಮತ್ತು ತೋಟದ ಅನುಭವ ಇರುವ 27ರ ಪ್ರಾಯದವರಿಗೆ ನನ್ನ ಮೊದಲ ಸಲಹೆ ಇದೇ.

---

ಅಡಿಕೆ ದೋಟಿ

ದೇಶ ಯಾವುದೇ ಇರಲಿ, ನಮ್ಮವರು ಸೋಲುವುದು ಅನುಭವ ಪತ್ರದಲ್ಲಿ. 'ಫೈವ್ ಇಯರ್ಸ್ ಅಗ್ರಿಕಲ್ಚರ್ ಎಕ್ಸ್‌ಪೀರಿಯನ್ಸ್, ಹಾರ್ಡ್ ವರ್ಕಿಂಗ್' ಎಂದು ಬರೆದು ಕಳಿಸುತ್ತಾರೆ. ಅದು ಓದುವವನಿಗೆ ಏನೂ ಹೇಳುವುದಿಲ್ಲ. ಅಲ್ಲಿನ ಸೂಪರ್‌ವೈಸರ್‌ಗೆ ಬೇಕಾದದ್ದು ವೇಗ, ಕೈಯ ಸೂಕ್ಷ್ಮ, ದಿನಕ್ಕೆ ಎಷ್ಟು ಗಂಟೆ, ಯಾವ ಹವೆಯಲ್ಲಿ.

ಮಲ್ಲಿಗೆ ಕೃಷಿ ಗೊತ್ತು ಎಂದಿದ್ದೀರಿ. ಶಂಕರಪುರ ಕಡೆಯ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅದನ್ನು 'ಜಾಸ್ಮಿನ್ ಪಿಕಿಂಗ್' ಎಂದಷ್ಟೇ ಬರೆದು ಬಿಡಬೇಡಿ. ಬೆಳಿಗ್ಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಮೊಗ್ಗು, ಅರಳಿದ್ದು ಮತ್ತು ಎಳೆಯದ್ದನ್ನು ಬಿಟ್ಟು ಬಲಿತ ಮೊಗ್ಗು ಮಾತ್ರ ಕೀಳುವುದು, ಗಿಡದ ಚಿಗುರು ಮುರಿಯದಿರುವುದು, ಇಷ್ಟನ್ನೂ ಬರೆಯಿರಿ. ಯಾಕೆಂದರೆ ಸ್ಟ್ರಾಬೆರಿಯಲ್ಲಿ ಕೆಲಸ ಹೆಚ್ಚುಕಡಿಮೆ ಅದೇ. ಹಣ್ಣಿನ ಮೈ ಹಿಂಡಬಾರದು, ತೊಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಚಿವುಟಿ ಮುರಿಯುವುದು, ಮೇಲಿನ ಹಸಿರು ಟೊಪ್ಪಿ ಹಣ್ಣಿನಲ್ಲೇ ಉಳಿಯಬೇಕು. ರಾಸ್ಪ್‌ಬೆರಿ ಇದಕ್ಕೆ ತದ್ವಿರುದ್ಧ: ಮೆಲ್ಲಗೆ ಎಳೆದರೆ ಬಿಳಿ ದಿಂಡು ಗಿಡದಲ್ಲೇ ಉಳಿದು ಹಣ್ಣು ಟೊಳ್ಳಾಗಿ ಕೈಗೆ ಬರಬೇಕು. ದಿಂಡಿನ ಸಮೇತ ಬಂದರೆ ಅದು ಹಣ್ಣಾಗಿಲ್ಲ ಎಂದರ್ಥ. ಸೇಬನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತಿರುವುವುದು, ಕೆಳಗೆ ಎಳೆದರೆ ಮುಂದಿನ ವರ್ಷದ ಮೊಗ್ಗೂ ಕಿತ್ತು ಬರುತ್ತದೆ. ಇಂಟರ್‌ವ್ಯೂನಲ್ಲಿ ಇಷ್ಟು ಹೇಳಿದರೆ ಎದುರಿನವನ ಮುಖಭಾವ ಬದಲಾಗುತ್ತದೆ.

ಮದ್ದು ಬಿಡುವ ಕೆಲಸವನ್ನೂ ಅಳತೆಯೊಂದಿಗೆ ಬರೆಯಿರಿ. ಶೇ 1ರ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸುವುದು. ಆದರೆ 'ಅಲ್ಲಿ ಬಂದು ಸ್ಪ್ರೇ ಮಾಡ್ತೇನೆ' ಎಂದು ಹೇಳಬೇಡಿ. ಯುಕೆಯಲ್ಲಿ ಕೀಟನಾಶಕ ಸಿಂಪಡಿಸಲಿಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬೇಕು, ಅದಿಲ್ಲದೆ ಕ್ಯಾನ್ ಮುಟ್ಟಲಿಕ್ಕೂ ಬಿಡುವುದಿಲ್ಲ. ಅಳತೆ, ಗ್ಲೌಸ್, ಮಾಸ್ಕಿನ ಅಭ್ಯಾಸ ಉಂಟು ಎಂದು ತೋರಿಸಿದರೆ ಸಾಕು.

ಪುರಾವೆಗೆ: ಮನೆಯ ಜಾಗದ ಆರ್‌ಟಿಸಿ, ಅಡಿಕೆ ಮಾರಿದ ಕ್ಯಾಂಪ್ಕೋ ಅಥವಾ ಸೊಸೈಟಿಯ ಬಿಲ್ಲು, ಬೇರೆಯವರ ತೋಟದಲ್ಲಿ ದುಡಿದಿದ್ದರೆ ಅವರ ಸಹಿಯ ಪತ್ರ, ದಿನಾಂಕ ಮತ್ತು ಫೋನ್ ನಂಬರ್ ಸಮೇತ. ರಾಯಭಾರ ಕಚೇರಿಯವರು ಆ ನಂಬರ್‌ಗೆ ಫೋನ್ ಮಾಡಿಯಾರು, ಎತ್ತಿದವರಿಗೆ ವಿಷಯ ಗೊತ್ತಿರಲಿ. ಈ ಆರ್‌ಟಿಸಿಯೇ 'ಮರಳಿ ಬರುತ್ತಾನೆ' ಎನ್ನುವುದಕ್ಕೂ ಕೆಲಸಕ್ಕೆ ಬರುತ್ತದೆ.

---

ಗದ್ದೆಬದಿ, ಬ್ರಹ್ಮಾವರ

ಎಲ್ಲರಿಗೂ ಉಪಕಾರ. ಕೊನೆಯ ಪ್ರಶ್ನೆ. ಏಜೆನ್ಸಿಯವರು ಶನಿವಾರದೊಳಗೆ ₹50,000 ಮತ್ತು ಪಾಸ್‌ಪೋರ್ಟ್ ಒರಿಜಿನಲ್ ಕೊಡಿ, ವೀಸಾ ಆಗದಿದ್ದರೆ ದುಡ್ಡು ವಾಪಸ್ ಎನ್ನುತ್ತಿದ್ದಾರೆ. ಲೈಸನ್ಸ್ ಉಂಟಾ ಎಂದು ಕೇಳಿದ್ದಕ್ಕೆ ಜಿಎಸ್‌ಟಿ ಸರ್ಟಿಫಿಕೇಟ್ ಕಳಿಸಿದ್ದಾರೆ.

---

ಕಾಗದಪತ್ರ

ಜಿಎಸ್‌ಟಿ ಸರ್ಟಿಫಿಕೇಟ್ ಬೇಕರಿಗೂ ಇರುತ್ತದೆ. ವಿದೇಶಕ್ಕೆ ಕೆಲಸಕ್ಕೆ ಜನ ಕಳಿಸಲು 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದ ನೋಂದಣಿ ಬೇಕು. ಆ ಸಚಿವಾಲಯದ ಇಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಉಂಟು, ಅದರಲ್ಲಿ ಹೆಸರು ಇದೆಯಾ ಎಂಬುದು ಮಾತ್ರವಲ್ಲ, ಸ್ಥಿತಿಯ ಕಾಲಂನಲ್ಲಿ ಚಾಲ್ತಿಯಲ್ಲಿದೆಯಾ, ಅವಧಿ ಮುಗಿದಿದೆಯಾ, ಅಮಾನತಾಗಿದೆಯಾ ಎಂಬುದನ್ನೂ ನೋಡಿ. ವಿಳಾಸವನ್ನೂ ಹೊಂದಿಸಿ ನೋಡಿ. 'ನಾವು ಮುಂಬೈ ಕಂಪನಿಯ ಸಬ್ ಏಜೆಂಟ್' ಎಂಬ ಮಾತು ನಡೆಯುವುದಿಲ್ಲ, ಸಬ್ ಏಜೆಂಟ್ ವ್ಯವಸ್ಥೆಯೇ ಅಕ್ರಮ. ನೋಂದಾಯಿತ ಏಜೆಂಟ್ ಕೂಡ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ ₹30,000, ಶೇ 18 ಜಿಎಸ್‌ಟಿ ಸೇರಿ ₹35,400, ರಸೀದಿ ಸಮೇತ. ಫೈಲ್ ಚಾರ್ಜೇ ₹50,000 ಎಂದರೆ ಮೊದಲ ಕಂತಿನಲ್ಲೇ ಮಿತಿ ದಾಟಿದೆ.

ಯುಕೆಯ ತೋಟಗಳಿಗೆ ಜನ ಒದಗಿಸುವವರು ಎಲ್ಲೇ ಕೂತಿರಲಿ, ಅಲ್ಲಿನ ಜಿಎಲ್‌ಎಎ (ಕೃಷಿಗೆ ಕೆಲಸಗಾರರನ್ನು ಒದಗಿಸುವವರಿಗೆ ಕೊಡುವ) ಲೈಸನ್ಸ್ ಕೂಡ ಬೇಕು. ಅದರ ಪಟ್ಟಿಯೂ ಎಲ್ಲರಿಗೂ ತೆರೆದಿದೆ. ಈ ಎರಡು ಪಟ್ಟಿ ನೋಡಲಿಕ್ಕೆ ಹತ್ತು ನಿಮಿಷ ಸಾಕು.

ಇಸಿಆರ್ ಬಗ್ಗೆ ಕೆಲವರಿಗೆ ಗೊಂದಲ ಉಂಟು, ಅದೂ ಹೇಳ್ತೇನೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್. ಅಂಥವರು ಗಲ್ಫ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಬೇಕು. ಯುಕೆ, ಇಟಲಿ, ಕೆನಡಾ ಆ ಪಟ್ಟಿಯಲ್ಲಿ ಇಲ್ಲ. 'ಇಸಿಆರ್ ತೆಗೆಸಲಿಕ್ಕೆ ₹25,000' ಎಂದು ಯುಕೆ ಹೆಸರಿನಲ್ಲಿ ಕೇಳಿದರೆ ಅದೂ ಸುಳ್ಳು. ನಿಮ್ಮದು ಇಸಿಎನ್‌ಆರ್, ಈ ತಲೆಬಿಸಿ ಇಲ್ಲ. ಆದರೂ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ನಿಮಗೆ ಸಿಗ್ತದಾ ಎಂದು ವಿಚಾರಿಸಿ, ಎರಡು ವರ್ಷಕ್ಕೆ ₹275, ಅಪಘಾತದ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ₹10 ಲಕ್ಷ.

ಪಾಸ್‌ಪೋರ್ಟ್ ಒರಿಜಿನಲ್ ಕೊಡಬೇಡಿ. ವೀಸಾ ಕೇಂದ್ರದಲ್ಲಿ ನೀವೇ ಬೆರಳಚ್ಚು ಕೊಡುವ ದಿನ ಅದು ಬೇಕು, ಅಲ್ಲಿಯ ತನಕ ಮೊದಲ ಮತ್ತು ಕೊನೆಯ ಪುಟದ ಸ್ಕ್ಯಾನ್ ಸಾಕು. ಒರಿಜಿನಲ್ ಅವರ ಡ್ರಾಯರ್ ಸೇರಿದರೆ ಮುಂದೆ 'ವಾಪಸ್ ಬೇಕಾದರೆ ಇಷ್ಟು ಕಟ್ಟಿ' ಎನ್ನುತ್ತಾರೆ. ದುಡ್ಡು ವಾಪಸ್ ಎಂಬ ಮಾತನ್ನು ಲೆಟರ್‌ಹೆಡ್‌ನಲ್ಲಿ, ದಿನಾಂಕ ಹಾಕಿ, ಯಾವ ಕಾರಣಕ್ಕೆ, ಎಷ್ಟು ದಿನದೊಳಗೆ ಎಂದು ಬರೆದುಕೊಡಲಿ ಎಂದು ಕೇಳಿ ನೋಡಿ. ಹೆಚ್ಚಿನವರು 'ನಂಬಿಕೆ ಇಲ್ವಾ' ಎಂದು ಸಿಟ್ಟಾಗುತ್ತಾರೆ.

ಈಗಾಗಲೇ ದುಡ್ಡು ಕೊಟ್ಟವರು ಇದನ್ನು ಓದುತ್ತಿದ್ದರೆ: ವಾಟ್ಸ್‌ಆ್ಯಪ್ ಚಾಟ್ ಅಳಿಸಬೇಡಿ, ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆನ್‌ಲೈನ್ ಆಗಿ ಹೋದ ದುಡ್ಡಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಗದು ಕೊಟ್ಟಿದ್ದರೆ ಪೊಲೀಸ್ ಠಾಣೆಗೆ ಲಿಖಿತ ದೂರು, ಅದರ ಪ್ರತಿ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ (ವಲಸೆ ಕೆಲಸಗಾರರ ರಕ್ಷಣಾಧಿಕಾರಿ) ಕಚೇರಿಗೆ. ವಿದೇಶಾಂಗ ಸಚಿವಾಲಯದ ಸಹಾಯವಾಣಿ 1800 11 3090, ಅಲ್ಲಿ ಕನ್ನಡದಲ್ಲೂ ಕೇಳಿ ನೋಡಿ.

---

ಲೆಕ್ಕದ ಪುಸ್ತಕ

ಏಜೆಂಟ್ ಬೇಕೇ ಬೇಕು ಎನ್ನುವವರಿಗೆ ಬೆಂಗಳೂರಿನಲ್ಲಿ ಕರ್ನಾಟಕ ಕೌಶಲ್ಯಾಭಿವೃದ್ಧಿ ನಿಗಮದ ಇಂಟರ್‌ನ್ಯಾಷನಲ್ ಮೈಗ್ರೇಶನ್ ಸೆಂಟರ್ ಉಂಟು, ಸರ್ಕಾರದ್ದೇ. ಅಲ್ಲಿ ಹೆಸರು ನೋಂದಾಯಿಸಿ ಇಡಿ. ತೋಟದ ಕೆಲಸದ ಬೇಡಿಕೆ ಯಾವಾಗಲೂ ಇರುವುದಿಲ್ಲ, ಬಂದಾಗ ಗೊತ್ತಾಗುತ್ತದೆ. ಪೊಲೀಸ್ ಕ್ಲಿಯರೆನ್ಸ್ ಮಾತ್ರ ಈಗಲೇ ಮಾಡಿಸಬೇಡಿ. ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ₹500ಕ್ಕೆ ಆಗುತ್ತದೆ, ಆದರೆ ಹಳತಾದರೆ ವೀಸಾದವರು ಒಪ್ಪುವುದಿಲ್ಲ. ಕೆಲಸ ಖಚಿತವಾಗಿ, ಅವರು ಕೇಳಿದ ಮೇಲೆ ಮಾಡಿಸಿದರೆ ಸಾಕು.

---

ಗದ್ದೆಬದಿ, ಬ್ರಹ್ಮಾವರ

ಇಮೈಗ್ರೇಟ್‌ನಲ್ಲಿ ನೋಡಿದೆ, ಆ ಏಜೆನ್ಸಿಯ ಹೆಸರು ಇಲ್ಲ. ಜಿಎಲ್‌ಎಎ ಪಟ್ಟಿಯಲ್ಲೂ ಇಲ್ಲ. ಶನಿವಾರ ಹೋಗುವುದಿಲ್ಲ. ಎನ್4ಗೆ ಉಡುಪಿ, ಮಣಿಪಾಲ ಕಡೆ ಸಂಜೆ ಕ್ಲಾಸ್ ಎಲ್ಲಾದರೂ ಇದ್ದರೆ ತಿಳಿಸಿ.